ಬ್ರಾಯ್ಲರ್ ಫೀಡಿಗೆ ಗಿಡಮೂಲಿಕೆ: ಎಷ್ಟು ಗ್ರಾಂ, ಯಾರ ದುಡ್ಡು?

ಬ್ರಾಯ್ಲರ್ ಸಾಕುವವರಿಂದ ಈಚೆಗೆ ನನಗೆ ಪದೇ ಪದೇ ಬರುತ್ತಿರುವ ಪ್ರಶ್ನೆ ಒಂದೇ. "ಸಾರ್, ಆ್ಯಂಟಿಬಯೋಟಿಕ್ ಬಿಟ್ಟು ಅರಿಶಿನ, ಬೆಳ್ಳುಳ್ಳಿ, ಓಮ ಇಂಥದ್ದು ಹಾಕಿದ್ರೆ ನಡೆಯುತ್ತಾ?" ಫೀಡ್ ಅಂಗಡಿಗೆ ಹೋಗಿ ನೋಡಿ, ಹಸಿರು ಎಲೆ ಚಿತ್ರದ ಡಬ್ಬಗಳು ಸಾಲಾಗಿ ನಿಂತಿರುತ್ತವೆ. ಲಿವರ್ ಟಾನಿಕ್, ಗಟ್ ಟಾನಿಕ್, ಇಮ್ಯುನಿಟಿ ಬೂಸ್ಟರ್, ಬೆಳವಣಿಗೆ ಪುಡಿ. ಎಲ್ಲದರ ಮೇಲೂ ನೂರಕ್ಕೆ ನೂರು ನೈಸರ್ಗಿಕ ಎಂದು ಬರೆದಿರುತ್ತದೆ. ಒಳಗೆ ಯಾವುದು ಎಷ್ಟು ಗ್ರಾಂ ಇದೆ ಎಂದು ಬರೆದಿರುವ ಡಬ್ಬ ಹುಡುಕೋದಕ್ಕೆ ಮಾತ್ರ ಸ್ವಲ್ಪ ಹೊತ್ತು ಬೇಕು.

ನನ್ನ ಉತ್ತರ ಅರ್ಧ ಹೌದು, ಅರ್ಧ ಇಲ್ಲ. ಸಸ್ಯಸಾರಗಳಲ್ಲಿ ಕೆಲಸ ಮಾಡುವ ಗುಣ ಇದೆ, ಅದರಲ್ಲಿ ಅನುಮಾನ ಬೇಡ. ಆದರೆ ಅವುಗಳನ್ನು ನಮ್ಮ ರೈತರಿಗೆ ಮಾರುತ್ತಿರುವ ರೀತಿ ಸರಿ ಇಲ್ಲ. ಖರ್ಚು ಯಾರ ಜೇಬಿನಿಂದ ಹೋಗ್ತಿದೆ, ಲಾಭ ಯಾರ ಜೇಬಿಗೆ ಬೀಳ್ತಿದೆ ಅನ್ನೋ ಲೆಕ್ಕವೂ ಸರಿ ಇಲ್ಲ. ಈ ವಾರ ಅದನ್ನೇ ಬಿಡಿಸಿ ಹೇಳ್ತೀನಿ.

ಮೊದಲು ಈ ಮಾತು ಯಾಕೆ ಬಂತು ಅಂತ ನೋಡೋಣ. ಕೋಳಿಗೆ ರೋಗ ಬಂದಾಗ ಪಶುವೈದ್ಯರು ಬರೆದುಕೊಟ್ಟು ಐದು ದಿನ ಆ್ಯಂಟಿಬಯೋಟಿಕ್ ಕೊಡೋದು ಒಂದು ವಿಷಯ. ರೋಗವೇ ಇಲ್ಲದಿದ್ದರೂ ಬೇಗ ತೂಕ ಬರಲಿ ಅಂತ ಮೊದಲ ದಿನದಿಂದ ಕೊನೆಯವರೆಗೆ ಫೀಡಿನಲ್ಲಿ ಚೂರು ಚೂರು ಬೆರೆಸೋದು ಬೇರೆಯೇ ವಿಷಯ. ಈ ಎರಡನೆಯದರಿಂದಲೇ ಕೇಡು. ಕಡಿಮೆ ಪ್ರಮಾಣದ ಔಷಧಿಯಲ್ಲಿ ದುರ್ಬಲ ಬ್ಯಾಕ್ಟೀರಿಯಾ ಸತ್ತು, ಗಟ್ಟಿಯಾದವು ಉಳಿದು ಬೆಳೆಯುತ್ತವೆ. ಅವು ಹಿಕ್ಕೆಯಲ್ಲಿ ಬರುತ್ತವೆ, ಆ ಹಿಕ್ಕೆ ಗೊಬ್ಬರವಾಗಿ ನಮ್ಮದೇ ತೋಟಕ್ಕೆ ಹೋಗುತ್ತದೆ. ಶೆಡ್ಡಿನಲ್ಲಿ ಕೆಲಸ ಮಾಡುವವರ ಕೈ, ಬಟ್ಟೆ, ಚಪ್ಪಲಿ ಮೂಲಕ ಮನೆಯೊಳಗೂ ಬರುತ್ತದೆ. ನಾಳೆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದು ಆಸ್ಪತ್ರೆಗೆ ಹೋದಾಗ ಔಷಧಿ ನಾಟದಿದ್ದರೆ ಅದಕ್ಕೆ ಇದೂ ಒಂದು ಕಾರಣ ಆಗಬಹುದು.

ಕೋಲಿಸ್ಟಿನ್ ಉದಾಹರಣೆ ತಗೊಳ್ಳಿ. ಬೇರೆ ಯಾವ ಔಷಧಿಯೂ ನಾಟದ ರೋಗಿಗೆ ಐಸಿಯುನಲ್ಲಿ ಕೊಡುವ ಕೊನೆಯ ಔಷಧಿಗಳಲ್ಲಿ ಅದೂ ಒಂದು. ಅದನ್ನೇ ನಮ್ಮಲ್ಲಿ ಕೋಳಿ ಬೇಗ ಬೆಳೆಯಲಿ ಅಂತ ಬಳಸ್ತಿದ್ರು. ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೋಲಿಸ್ಟಿನ್ ನಿಷೇಧಿಸಿತು. ಅದಕ್ಕೂ ಮೊದಲು, 2014ರಲ್ಲಿ, ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಅಲ್ಲಿನ ಸುತ್ತಮುತ್ತಲ ಮಾರುಕಟ್ಟೆಯಿಂದ 70 ಕೋಳಿ ಮಾದರಿ ತಂದು ಪರೀಕ್ಷಿಸಿದಾಗ ಶೇ. 40ರಲ್ಲಿ ಆ್ಯಂಟಿಬಯೋಟಿಕ್ ಉಳಿಕೆ ಸಿಕ್ಕಿತ್ತು. ಮಾಂಸ, ಮೊಟ್ಟೆ, ಹಾಲಿನಲ್ಲಿ ಔಷಧಿ ಉಳಿಕೆಗೆ ಎಫ್‌ಎಸ್‌ಎಸ್‌ಎಐ ಬಿಗಿಗೊಳಿಸಿದ ಮಿತಿಗಳು 2025ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಆದ್ದರಿಂದ ಫೀಡಿನಲ್ಲಿ ಬೆಳವಣಿಗೆಗೆಂದು ಹಾಕುವ ಆ್ಯಂಟಿಬಯೋಟಿಕ್ ಇವತ್ತಲ್ಲ ನಾಳೆ ಹೋಗಲೇಬೇಕು. ಹೋಗೋದು ಒಳ್ಳೆಯದೇ. ಆ ಖಾಲಿ ಜಾಗಕ್ಕೆ ಏನು ಬರುತ್ತೆ ಅನ್ನೋದೇ ಈಗಿನ ಪ್ರಶ್ನೆ, ಹಸಿರು ಡಬ್ಬಗಳು ಕಾಯ್ತಿರೋದೂ ಆ ಜಾಗಕ್ಕೇ.

ಗಿಡದ ಸಾರ ಹೇಗೆ ಕೆಲಸ ಮಾಡುತ್ತೆ? ಓಮದ ವಾಸನೆಗೆ ಕಾರಣವಾದ ಥೈಮಾಲ್, ದೊಡ್ಡಪತ್ರೆ ಎಲೆಯಲ್ಲಿರುವ ಕಾರ್ವಕ್ರಾಲ್, ಇವು ಬ್ಯಾಕ್ಟೀರಿಯಾದ ಹೊರಪೊರೆಯನ್ನೇ ಸಡಿಲ ಮಾಡುತ್ತವೆ. ವಿದೇಶದ ಫೀಡಿನಲ್ಲಿ ಹೆಸರು ಮಾಡಿರುವ ಒರೆಗಾನೊ ಎಣ್ಣೆಯಲ್ಲಿರುವುದೂ ಇವೇ. ಮಗುವಿಗೆ ಕೆಮ್ಮು ಬಂದಾಗ ಅಜ್ಜಿ ದೊಡ್ಡಪತ್ರೆ ಬಾಡಿಸಿ ರಸ ಹಿಂಡುತ್ತಿದ್ದುದು ಸುಮ್ಮನೆ ಅಲ್ಲ. ದಾಲ್ಚಿನ್ನಿ, ಲವಂಗದ ಎಣ್ಣೆಗಳದ್ದೂ ಹೆಚ್ಚುಕಡಿಮೆ ಇದೇ ದಾರಿ. ಬೆಳ್ಳುಳ್ಳಿ ಜಜ್ಜಿದಾಗ ಹುಟ್ಟುವ ಅಲಿಸಿನ್‌ಗೂ ಸೂಕ್ಷ್ಮಜೀವಿ ತಡೆಯುವ ಶಕ್ತಿ ಇದೆ, ಆದರೆ ಅದು ಬೇಗ ಒಡೆದುಹೋಗುತ್ತದೆ. ಅರಿಶಿನದ ಕರ್ಕ್ಯುಮಿನ್ ರಕ್ತಕ್ಕೆ ಸೇರೋದು ಬಹಳ ಕಡಿಮೆ, ಹೆಚ್ಚಿನ ಕೆಲಸ ಕರುಳಿನಲ್ಲೇ. ಮೆಣಸಿನಕಾಯಿ ಸಾರವನ್ನೂ ಬಳಸ್ತಾರೆ. ಪಾಪ, ಕೋಳಿಗೆ ಖಾರ ಆಗಲ್ವಾ ಅಂತ ಕೇಳಬೇಡಿ. ಖಾರ ಗುರುತಿಸುವ ವ್ಯವಸ್ಥೆ ಹಕ್ಕಿಗಳಲ್ಲಿ ನಮ್ಮ ಹಾಗೆ ಕೆಲಸ ಮಾಡಲ್ಲ, ಗಿಣಿ ಹಸಿಮೆಣಸಿನಕಾಯಿ ತಿನ್ನೋದು ನೋಡಿಲ್ವೇ?

ಇಷ್ಟು ಕೇಳಿದ ಮೇಲೆ "ಹಾಗಾದ್ರೆ ಮನೆ ಅರಿಶಿನವನ್ನೇ ಹಾಕ್ತೀನಿ, ಡಬ್ಬ ಯಾಕೆ?" ಅನ್ನೋರು ಇದ್ದಾರೆ. ಅವರಿಗೆ ನಾನು ಪೆನ್ನು ಹಿಡಿಯಿರಿ ಅಂತೀನಿ. 5000 ಕೋಳಿ, ಒಂದಕ್ಕೆ 2.2 ಕೆಜಿ ಅಂದ್ರೆ 11,000 ಕೆಜಿ ತೂಕ. ಎಫ್‌ಸಿಆರ್ 1.65, ಅಂದರೆ ಒಂದು ಕೆಜಿ ತೂಕಕ್ಕೆ 1.65 ಕೆಜಿ ಫೀಡ್. ಒಟ್ಟು 18,150 ಕೆಜಿ ಫೀಡ್ ಬೇಕು. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವ ಹಾಗೆ ಶೇ. 0.5 ಅರಿಶಿನ ಪುಡಿ ಹಾಕಿದರೆ ಟನ್ನಿಗೆ 5 ಕೆಜಿ, ಬ್ಯಾಚಿಗೆ ಹತ್ತಿರ ಹತ್ತಿರ 91 ಕೆಜಿ. ಕೆಜಿಗೆ 150 ರೂಪಾಯಿ ಅಂತ ಹಿಡಿದರೂ 13,650 ರೂಪಾಯಿ ಆಯ್ತು. ಫೀಡ್ ಕೆಜಿಗೆ 40 ರೂಪಾಯಿ ಅಂದುಕೊಂಡರೆ ಈ ದುಡ್ಡಿಗೆ 341 ಕೆಜಿ ಫೀಡ್ ಬರುತ್ತದೆ. ಅಂದ್ರೆ ಎಫ್‌ಸಿಆರ್ 1.65ರಿಂದ 1.62ಕ್ಕೆ ಇಳಿದರೆ ಅಸಲು ಮಾತ್ರ ಹುಟ್ಟಿತು. ಲಾಭದ ಮಾತು ಅದರಾಚೆಗೆ. ದರಗಳು ನಿಮ್ಮೂರಲ್ಲಿ ಬೇರೆ ಇರಬಹುದು, ನಿಮ್ಮ ದರ ಹಾಕಿ ನೀವೇ ನೋಡಿ. ಮನೆಮದ್ದು ಅಗ್ಗ ಅನ್ನೋದು ಹತ್ತು ಕೋಳಿಗೆ ಸರಿ, ಐದು ಸಾವಿರಕ್ಕೆ ಅಲ್ಲ.

ಓಮದ್ದೂ ಅದೇ ಕಥೆ. ಓಮದ ಕಾಳಿನಲ್ಲಿ ಎಣ್ಣೆ ಶೇ. 2ರಿಂದ 4, ಅದರಲ್ಲಿ ಸುಮಾರು ಅರ್ಧ ಥೈಮಾಲ್. ಒಂದು ಕೆಜಿ ಕಾಳಿನಿಂದ ಸಿಗೋದು 10ರಿಂದ 20 ಗ್ರಾಂ. ಟನ್ ಫೀಡಿಗೆ 100 ಗ್ರಾಂ ಥೈಮಾಲ್ ಬೇಕು ಅಂದ್ರೆ 5ರಿಂದ 10 ಕೆಜಿ ಓಮ ಬೇಕು. ಬ್ಯಾಚಿಗೆ ಎಷ್ಟಾಯ್ತು? ಒಂದು ಕ್ವಿಂಟಾಲ್ ಆಸುಪಾಸಿನಿಂದ ಹಿಡಿದು ಎರಡರ ಹತ್ತಿರಕ್ಕೆ.

ಲೂಸ್ ಅರಿಶಿನ ಪುಡಿಯ ಬಗ್ಗೆ ಇನ್ನೊಂದು ಭಯವೂ ಇದೆ. ಬಣ್ಣ ಹೊಳೆಯಲಿ ಅಂತ ಸೀಸದ ಕ್ರೋಮೇಟ್ ಬೆರೆಸುವ ಕಳ್ಳತನ ಅರಿಶಿನದಲ್ಲಿ ಹಳೆಯದು. ಔಷಧಿ ಉಳಿಕೆ ಬೇಡ ಅಂತ ಹೊರಟು ಸೀಸ ತಿನ್ನಿಸಿದ ಹಾಗಾಗುತ್ತೆ. ಹಾಕಲೇಬೇಕು ಅಂದ್ರೆ ಕೊಂಬು ತಂದು ಮಿಲ್ಲಿನಲ್ಲಿ ಬೀಸಿಸಿ.

ಈಗ ಸಾರದ ಲೆಕ್ಕ. ಟನ್ನಿಗೆ 500 ಗ್ರಾಂ ಹಾಕುವ ಒಂದು ಉತ್ಪನ್ನ, ಕೆಜಿಗೆ 600 ರೂಪಾಯಿ ಅಂತಿಟ್ಟುಕೊಳ್ಳಿ. ಬ್ಯಾಚಿಗೆ 9 ಕೆಜಿ, 5400 ರೂಪಾಯಿ, ಅಂದರೆ 135 ಕೆಜಿ ಫೀಡಿನ ಬೆಲೆ. ಎಫ್‌ಸಿಆರ್‌ನಲ್ಲಿ 0.012 ಇಳಿದರೆ ಅಸಲು ಬಂತು. ಪುಡಿಗಿಂತ ಸಾರದ ಲೆಕ್ಕ ಸುಲಭ. ಹಾಗಾಗಿ ನಾನು ಡಬ್ಬಗಳ ವಿರೋಧಿ ಅಲ್ಲ. ಆದರೆ ಆ 500 ಗ್ರಾಮಿನಲ್ಲಿ ಕೆಲಸ ಮಾಡುವ ಅಂಶ ಎಷ್ಟು, ಸುಣ್ಣಕಲ್ಲಿನ ಪುಡಿ ಎಷ್ಟು ಅಂತ ಗೊತ್ತಿಲ್ಲದೆ ಈ ಲೆಕ್ಕಕ್ಕೆ ಅರ್ಥವೇ ಇಲ್ಲ.

ಇದು ಆಗದ ಕೆಲಸ ಅಂತ ಯಾರೂ ಹೇಳೋ ಹಾಗಿಲ್ಲ. ಗುಂಡ್ಲುಪೇಟೆ ಕಡೆ ಹೋದವರು ರಸ್ತೆ ಪಕ್ಕ ಎಕರೆಗಟ್ಟಲೆ ಚೆಂಡು ಹೂವು ನೋಡಿರ್ತೀರಿ. ಅದರಲ್ಲಿ ಬಹಳಷ್ಟು ಹಾರಕ್ಕೆ ಹೋಗುವ ಹೂವಲ್ಲ, ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುವಂಥದ್ದು. ಆ ಬಣ್ಣದ ಒಂದು ದೊಡ್ಡ ಬಳಕೆ ಕೋಳಿ ಫೀಡಿನಲ್ಲೇ, ಮೊಟ್ಟೆಯ ಹಳದಿ ಗಾಢವಾಗಲಿ, ಬ್ರಾಯ್ಲರ್ ಚರ್ಮಕ್ಕೆ ಬಣ್ಣ ಬರಲಿ ಅಂತ. ಅಂದರೆ ಸಸ್ಯಸಾರ ಕೋಳಿ ಫೀಡಿಗೆ ಹೊಸದಲ್ಲ, ನಮ್ಮ ರೈತರೇ ಬೆಳೆದು ಕೊಡ್ತಿದ್ದಾರೆ. ಆ ಸಾರವನ್ನು ಕೊಳ್ಳುವವರು ಒಂದು ಕೆಜಿಯಲ್ಲಿ ಇಷ್ಟು ಗ್ರಾಂ ಜಾಂಥೊಫಿಲ್ ಇರಬೇಕು ಅಂತ ಅಳೆದೇ ಕೊಳ್ಳುತ್ತಾರೆ. ಗ್ರಾಂ ಕಡಿಮೆ ಬಂದರೆ ದುಡ್ಡು ಕಡಿಮೆ. ಹಳದಿ ಬಣ್ಣಕ್ಕೆ ಇರುವ ಈ ಶಿಸ್ತು ಕೋಳಿಯ ಆರೋಗ್ಯಕ್ಕೆ ಅಂತ ಮಾರುವ ಪುಡಿಗೆ ಯಾಕಿಲ್ಲ? ಇಷ್ಟು ಥೈಮಾಲ್, ಇಷ್ಟು ಕರ್ಕ್ಯುಮಿನ್ ಅಂತ ಬರೆದು, ಆ ಬ್ಯಾಚಿನ ಪರೀಕ್ಷಾ ವರದಿ ತೋರಿಸುವವರ ಹತ್ತಿರ ಮಾತ್ರ ಕೊಳ್ಳಿ ಅನ್ನೋದು ನನ್ನ ಸ್ಪಷ್ಟ ಅಭಿಪ್ರಾಯ. ಹದಿನಾಲ್ಕು ಗಿಡದ ಹೆಸರು ಬರೆದು ಒಂದರ ಪ್ರಮಾಣವನ್ನೂ ಬರೆಯದವರನ್ನು ದೂರ ಇಡಿ.

ಪೆಲೆಟ್ ಫೀಡ್ ಹಾಕುವವರು ಇನ್ನೊಂದು ಮಾತು ಕೇಳಬೇಕು. ಪೆಲೆಟ್ ಮಾಡುವಾಗ ಹಬೆಯ ಬಿಸಿ 80 ಡಿಗ್ರಿ ಆಸುಪಾಸು ಇರುತ್ತದೆ. ವಾಸನೆಯ ಎಣ್ಣೆಗಳು ಹಾರಿಹೋಗುವ ಸ್ವಭಾವದವು, ಒಗ್ಗರಣೆ ಹಾಕಿದಾಗ ಬೀದಿಗೆಲ್ಲ ಘಮ ಬರುತ್ತಲ್ಲ, ಹಾಗೆ. ಅದಕ್ಕೆ ಕೊಬ್ಬಿನ ಪದರದೊಳಗೆ ಮುಚ್ಚಿಟ್ಟ ರೂಪದಲ್ಲಿ ಬರುವ ಉತ್ಪನ್ನಗಳಿವೆ. ಮಾರುವವರನ್ನು ಕೇಳಿ, ಇದು ಪೆಲೆಟ್ ಬಿಸಿ ತಡೆಯುತ್ತಾ ಅಂತ.

ಆ್ಯಂಟಿಬಯೋಟಿಕ್ ಬಿಟ್ಟ ದೇಶಗಳ ಕಥೆ ಏನು? ಸ್ವೀಡನ್ 1986ರಲ್ಲೇ ಬೆಳವಣಿಗೆಯ ಆ್ಯಂಟಿಬಯೋಟಿಕ್ ನಿಲ್ಲಿಸಿತು. ಡೆನ್ಮಾರ್ಕಿನ ಬ್ರಾಯ್ಲರ್ ಸಾಕಣೆದಾರರು 1998ರಲ್ಲಿ ತಾವಾಗಿಯೇ ಬಿಟ್ಟರು. 2006ರ ಜನವರಿ 1ರಿಂದ ಇಡೀ ಐರೋಪ್ಯ ಒಕ್ಕೂಟದಲ್ಲಿ ನಿಂತಿತು. ಡೆನ್ಮಾರ್ಕಿನಲ್ಲಿ ಎಫ್‌ಸಿಆರ್ ಚೂರು ಹೆಚ್ಚಾಯಿತೇ ಹೊರತು ಕೋಳಿ ಉದ್ಯಮ ಮುಳುಗಲಿಲ್ಲ. ಇದನ್ನು ತೋರಿಸಿ "ನೋಡಿ, ಅಲ್ಲೆಲ್ಲ ಗಿಡಮೂಲಿಕೆ ಮೇಲೆ ನಡೀತಿದೆ" ಅನ್ನುವ ಸೇಲ್ಸ್‌ನವರಿದ್ದಾರೆ. ಅದು ಪೂರ್ತಿ ನಿಜ ಅಲ್ಲ. ಅವರ ಶೆಡ್ಡು, ಗಾಳಿ ವ್ಯವಸ್ಥೆ, ಒಂದು ಬ್ಯಾಚ್ ಹೋದ ಮೇಲೆ ತೊಳೆದು ಖಾಲಿ ಬಿಡುವ ಶಿಸ್ತು ಮೊದಲೇ ಗಟ್ಟಿ ಇತ್ತು. ಕಾಕ್ಸಿಡಿಯೋಸಿಸ್ ತಡೆಯುವ ಸಲಿನೊಮೈಸಿನ್ ತರದ ಔಷಧಿ ಅವರ ಫೀಡಿನಲ್ಲಿ ಮುಂದುವರಿಯಿತು. ಕರುಳು ಕೆಡಿಸುವ ಕ್ಲಾಸ್ಟ್ರಿಡಿಯಂ ಮೇಲೂ ಅದರ ಹಿಡಿತ ಇದೆ. ಆದ್ದರಿಂದ "ಎಲ್ಲ ಔಷಧಿ ನಿಲ್ಲಿಸಿ, ನಮ್ಮ ಪುಡಿ ಹಾಕಿ" ಅಂತ ಯಾರಾದರೂ ಹೇಳಿದರೆ, ಕಾಕ್ಸಿಗೆ ಏನು ಮಾಡ್ತೀರಿ ಅಂತ ಮೊದಲು ಕೇಳಿ. ಹಿಕ್ಕೆಯಲ್ಲಿ ರಕ್ತ ಕಂಡ ದಿನ ಕಷಾಯ ಕುದಿಸುತ್ತಾ ಕೂರಬೇಡಿ. ಸತ್ತ ಒಂದೆರಡು ಕೋಳಿ ತಗೊಂಡು ಪಶುವೈದ್ಯರ ಹತ್ತಿರ ಹೋಗಿ ಕೊಯ್ದು ನೋಡಿಸಿ, ಅವರು ಹೇಳಿದ ಔಷಧಿ ಹೇಳಿದಷ್ಟು ದಿನ ಕೊಡಿ. ಮಾರಾಟಕ್ಕೆ ಮೊದಲು ಎಷ್ಟು ದಿನ ಬಿಡುವು ಕೊಡಬೇಕು ಅಂತಲೂ ಬರೆಸಿಕೊಳ್ಳಿ.

ಇನ್ನು ದುಡ್ಡಿನ ವಿಷಯ. ನನಗೆ ಹೆಚ್ಚು ಸಿಟ್ಟು ಬರೋದು ಇಲ್ಲೇ. ನಮ್ಮ ರಾಜ್ಯದಲ್ಲಿ ಬ್ರಾಯ್ಲರ್ ಸಾಕುವವರಲ್ಲಿ ಬಹಳ ಮಂದಿ ಕಂಪನಿ ಕೋಳಿ ಸಾಕುವವರು. ಮರಿ, ಫೀಡ್, ಔಷಧಿ ಕಂಪನಿಯದು. ಶೆಡ್ಡು, ಕರೆಂಟು, ನೀರು, ಹೊಟ್ಟು, ಆಳು ರೈತನದು. ಕೊನೆಗೆ ಕೆಜಿ ಲೆಕ್ಕದಲ್ಲಿ ಸಾಕಾಣಿಕೆ ಕೂಲಿ ಕೊಡ್ತಾರೆ, ಎಫ್‌ಸಿಆರ್ ಚೆನ್ನಾಗಿ ಬಂದರೆ ಸ್ವಲ್ಪ ಇನ್ಸೆಂಟಿವ್, ಕೆಟ್ಟರೆ ಕಡಿತ. ಈ ರೈತ ಹೊರಗಿನಿಂದ 5400 ರೂಪಾಯಿ ಕೊಟ್ಟು ಸಸ್ಯಸಾರ ತಂದು ನೀರಿಗೆ ಹಾಕಿದ ಅಂದುಕೊಳ್ಳಿ. ಎಫ್‌ಸಿಆರ್ 0.03 ಇಳಿಯಿತು, ಒಳ್ಳೆಯದೇ ಆಯ್ತು. ಉಳಿದದ್ದು 330 ಕೆಜಿ ಫೀಡ್, 13,200 ರೂಪಾಯಿ. ಆದರೆ ಆ ಫೀಡ್ ಯಾರದು? ಕಂಪನಿಯದು. ರೈತನ ಕೈಗೆ ಬರೋದು ಇನ್ಸೆಂಟಿವ್‌ನ ಚಿಕ್ಕ ಪಾಲು. ಖರ್ಚು ಪೂರ್ತಿ ಇವನದು, ಉಳಿತಾಯದ ಸಿಂಹಪಾಲು ಅವರದು. ಒಂದು ಹಳ್ಳಿಯಲ್ಲಿ ಕಂಪನಿಯ ಸೂಪರ್‌ವೈಸರೇ ಬ್ಯಾಗಿನಿಂದ ಟಾನಿಕ್ ಬಾಟಲಿ ತೆಗೆದು "ಅಣ್ಣ, ಇದನ್ನ ನೀವೇ ತಗೊಂಡು ಹಾಕಿ, ಬ್ಯಾಚ್ ಚೆನ್ನಾಗ್ ಬರ್ತದೆ" ಅಂತ ಮಾರುತ್ತಿದ್ದುದನ್ನು ನಾನೇ ನೋಡಿದ್ದೇನೆ. ಆ ರೈತರು ಪಾಪ, ಬೇಡ ಅಂದ್ರೆ ಮುಂದಿನ ಸಲ ಮರಿ ತಡ ಆಗುತ್ತೋ ಏನೋ ಅಂತ ದುಡ್ಡು ಎಣಿಸಿಕೊಟ್ಟರು.

ಕಂಪನಿ ಕೋಳಿ ಸಾಕುವವರಿಗೆ ನಾನು ಹೇಳೋದು ಇಷ್ಟೇ. ಸಸ್ಯಸಾರ ಬೇಕಿದ್ದರೆ ಅದನ್ನು ಫೀಡ್ ಮಿಲ್ಲಿನಲ್ಲಿ ಕಂಪನಿಯೇ ಹಾಕಲಿ. ಫೀಡಿನಲ್ಲಿ ಯಾವ ಆ್ಯಂಟಿಬಯೋಟಿಕ್ ಇದೆ, ಇಲ್ಲ ಅನ್ನೋದನ್ನು ಚೀಟಿಯಲ್ಲಿ ಬರೆದು ಕೊಡಿ ಅಂತ ಕೇಳಿ. ಒಬ್ಬರು ಕೇಳಿದರೆ ನಗ್ತಾರೆ, ಹೋಬಳಿಯ ಇಪ್ಪತ್ತು ಮಂದಿ ಒಟ್ಟಿಗೆ ಕೇಳಿದರೆ ನಗೋದಕ್ಕೆ ಆಗಲ್ಲ. ಒಪ್ಪಂದದಲ್ಲಿ ಹೊರಗಿನ ಔಷಧಿ ಹಾಕಬಾರದು ಅಂತ ಇರುವ ಕಡೆ ನೀವಾಗಿ ಹಾಕಿ, ಆಮೇಲೆ ಮಾರ್ಟಾಲಿಟಿ ಬಂದರೆ ತಪ್ಪು ನಿಮ್ಮ ತಲೆಗೆ ಬರುತ್ತದೆ. ಅದನ್ನೂ ಯೋಚಿಸಿ.

ಸ್ವಂತವಾಗಿ ಮರಿ, ಫೀಡ್ ಕೊಂಡು ಸಾಕುವವರ ಮಾತು ಬೇರೆ. ಉಳಿದ ಫೀಡ್ ನಿಮ್ಮದೇ, ಹಾಗಾಗಿ ನಿಮಗೆ ಪ್ರಯೋಗ ಮಾಡಲು ಕಾರಣ ಇದೆ. ಆದರೆ ಅದಕ್ಕೆ ಮೊದಲು ಬೆಳಗಿನ ಜಾವ ಶೆಡ್ಡಿನೊಳಗೆ ಹೋಗಿ ಎರಡು ನಿಮಿಷ ನಿಲ್ಲಿ. ಕಣ್ಣು ಉರಿದರೆ ಅಮೋನಿಯಾ 25 ಪಿಪಿಎಂ ದಾಟಿದೆ ಎಂದೇ ತಿಳಿಯಿರಿ. ಆ ಗಾಳಿ ಕುಡಿದ ಕೋಳಿಯ ಉಸಿರುನಾಳ ಸುಟ್ಟಿರುತ್ತದೆ, ಅದಕ್ಕೆ ಯಾವ ತುಳಸಿ ಸಾರವೂ ಪರಿಹಾರ ಅಲ್ಲ. ಹೊಟ್ಟು ಕೆದಕಿ, ಪರದೆ ಎತ್ತಿ, ನಿಪ್ಪಲ್ ಸೋರುತ್ತಿದ್ದರೆ ಸರಿ ಮಾಡಿ. ಖರ್ಚು ಹೆಚ್ಚಿಲ್ಲ.

ಲಿವರ್ ಟಾನಿಕ್ ವಿಷಯವೂ ಹೀಗೇ. ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳ ಕೊಯ್ಲಿನ ಹೊತ್ತಿಗೆ ಮಳೆ ಸಿಕ್ಕಿದರೆ ಬೂಸ್ಟು ಹಿಡಿಯುತ್ತದೆ, ಅದರಲ್ಲಿ ಅಫ್ಲಾಟಾಕ್ಸಿನ್ ಹುಟ್ಟುತ್ತದೆ, ಕೋಳಿಯ ಲಿವರ್ ಕೆಡುತ್ತದೆ. ಆಗ ಕಿರುನೆಲ್ಲಿ ಟಾನಿಕ್ ಕೊಟ್ಟರೆ ಒಂದಿಷ್ಟು ಆಸರೆ ಆಗಬಹುದು. ಆದರೆ ಟಾನಿಕ್ ಫೀಡಿನಲ್ಲಿರುವ ವಿಷವನ್ನು ಹಿಡಿದಿಡುವುದಿಲ್ಲ. ಜೋಳದ ತೇವಾಂಶ ಶೇ. 13 ದಾಟದ ಹಾಗೆ ಒಣಗಿಸಿ, ಬೂಸ್ಟಿನ ವಾಸನೆ ಬಂದ ಲೋಡನ್ನು ವಾಪಸ್ ಕಳಿಸಿ, ಟಾಕ್ಸಿನ್ ಬೈಂಡರ್ ಹಾಕಿ. ಒಂದು ಕಡೆ ಅಗ್ಗದ ಜೋಳ ಕೊಂಡು ಇನ್ನೊಂದು ಕಡೆ ಟಾನಿಕ್‌ಗೆ ದುಡ್ಡು ಸುರಿಯುವವರನ್ನು ಕಂಡರೆ ನನಗೆ ಮಾತೇ ಬರಲ್ಲ.

ನೀರಿನಲ್ಲಿ ಕಷಾಯ ಬಿಡುವವರಿಗೆ ಎಚ್ಚರಿಕೆ ಬೇಕು. ಬೆಳ್ಳುಳ್ಳಿ, ತುಳಸಿ, ಬೆಲ್ಲ ಎಲ್ಲ ಹಾಕಿ ಕುದಿಸಿ ಟ್ಯಾಂಕಿಗೆ ಸುರಿದರೆ ಅದರ ಚರಟ ನಿಪ್ಪಲ್‌ನಲ್ಲಿ ಕಟ್ಟಿಕೊಳ್ಳುತ್ತದೆ, ಪೈಪಿನೊಳಗೆ ಲೋಳೆ ಬೆಳೆಯುತ್ತದೆ. ಬ್ಯಾಕ್ಟೀರಿಯಾ ಕೊಲ್ಲಲು ಹೊರಟು ಅದಕ್ಕೇ ಊಟ ಹಾಕಿದ ಹಾಗೆ. ಕೊಡಲೇಬೇಕು ಅಂದ್ರೆ ಚೆನ್ನಾಗಿ ಸೋಸಿ, ನಾಲ್ಕು ಗಂಟೆಯೊಳಗೆ ಕುಡಿದು ಮುಗಿಯುವಷ್ಟೇ ಮಾಡಿ, ಆಮೇಲೆ ಲೈನ್ ತೊಳೆಯಿರಿ. ಲಸೋಟ, ಗಂಬೋರೊ ಲಸಿಕೆ ನೀರಿನಲ್ಲಿ ಕೊಡುವ ದಿನ, ಅದರ ಹಿಂದಿನ ದಿನ, ಮರುದಿನ ಇಂಥದ್ದೇನೂ ನೀರಿಗೆ ಬೇಡ. ಲಸಿಕೆಯಲ್ಲಿರುವುದು ಜೀವಂತ ವೈರಸ್, ಅದು ಸತ್ತರೆ ಲಸಿಕೆ ಹಾಕಿಯೂ ಹಾಕದ ಹಾಗೆ. ಬೇವು, ಬೆಳ್ಳುಳ್ಳಿ ಹೆಚ್ಚಾದರೂ ಕಷ್ಟವೇ. ಬೇವು ಹೆಚ್ಚಾದರೆ ಕೋಳಿ ಮೇವು ಬಿಡುತ್ತದೆ, ಬೆಳ್ಳುಳ್ಳಿ ಅತಿಯಾದರೆ ರಕ್ತ ಕಡಿಮೆ ಆಗುತ್ತದೆ. ಗಿಡದ್ದು ಅಂದ ಮಾತ್ರಕ್ಕೆ ಎಷ್ಟು ಬೇಕಾದರೂ ಹಾಕಬಹುದು ಅಂತಿಲ್ಲ.

ಇಷ್ಟೆಲ್ಲ ಸರಿ ಇದ್ದು ಪ್ರಯೋಗ ಮಾಡುವುದಾದರೆ ಇಡೀ ಶೆಡ್ಡಿಗೆ ಹಾಕಬೇಡಿ. ಹಾಕಿದರೆ ಬ್ಯಾಚ್ ಚೆನ್ನಾಗಿ ಬಂದದ್ದು ಪುಡಿಯಿಂದಲೋ, ಮರಿ ಚೆನ್ನಾಗಿದ್ದುದಕ್ಕೋ, ಹವಾಮಾನಕ್ಕೋ ಯಾರಿಗೆ ಗೊತ್ತು? ನಡುವೆ ಬಲೆ ಕಟ್ಟಿ, ಒಂದೇ ಲಾಟಿನ ಮರಿ ಎರಡೂ ಕಡೆ ಸಮ ಬಿಡಿ. ಒಂದು ಕಡೆ ಸಾರ ಹಾಕಿದ ಫೀಡ್, ಇನ್ನೊಂದು ಕಡೆ ಅದೇ ಫೀಡ್ ಸಾರ ಇಲ್ಲದೆ. ಯಾವ ಕಡೆಗೆ ಎಷ್ಟು ಚೀಲ ಹೋಯ್ತು ಅಂತ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೀಚಿದರೂ ಸಾಕು. 21ನೇ ದಿನ, 35ನೇ ದಿನ ಎರಡೂ ಕಡೆ ಐವತ್ತೈವತ್ತು ಕೋಳಿ ತೂಗಿ. ದಪ್ಪನಾದದ್ದನ್ನು ಆರಿಸಿ ಹಿಡಿಯಬೇಡಿ, ಮೂಲೆಗೆ ಬಲೆ ಅಡ್ಡ ಹಿಡಿದು ಸಿಕ್ಕಿದ್ದನ್ನೆಲ್ಲ ತೂಗಿ. ಸತ್ತ ಕೋಳಿಯ ಲೆಕ್ಕವೂ ಬೇರೆ ಬೇರೆ ಇರಲಿ. ಮುಂದಿನ ಬ್ಯಾಚಿಗೆ ಪಕ್ಕ ಬದಲಿಸಿ, ಯಾಕಂದ್ರೆ ಪಶ್ಚಿಮದ ಬಿಸಿಲು ಬೀಳುವ ಅರ್ಧದಲ್ಲಿ ಕೋಳಿ ಹೇಗಿದ್ದರೂ ಕಡಿಮೆ ತಿನ್ನುತ್ತದೆ. ಒಂದು ಬ್ಯಾಚಿನ ವ್ಯತ್ಯಾಸ ಆಕಸ್ಮಿಕ ಇರಬಹುದು, ಮೂರು ಬ್ಯಾಚಿನಲ್ಲೂ ಅದೇ ಕಡೆ ತೂಗಿದರೆ ಆಮೇಲೆ ಮುಂದಿನ ಡಬ್ಬ ಕೊಳ್ಳಿ.

ಮಾರ್ಚ್‌ನಿಂದ ಮೇ ವರೆಗಿನ ಬ್ಯಾಚಿನಲ್ಲಿ ಓಮ, ದಾಲ್ಚಿನ್ನಿ ಸಾರದ ಪ್ರಯೋಗ ಶುರು ಮಾಡಬೇಡಿ. ಆ ಸೆಕೆಯಲ್ಲಿ ಕೋಳಿ ಮೇವು ಮುಟ್ಟೋದೇ ಕಡಿಮೆ, ಲೆಕ್ಕ ಸಿಗಲ್ಲ. ಬೇಸಿಗೆಯಲ್ಲಿ ಏನಾದರೂ ನೋಡಬೇಕು ಅನ್ನಿಸಿದರೆ ನೆಲ್ಲಿಕಾಯಿ ಪುಡಿಯನ್ನು ಅರ್ಧ ಶೆಡ್ಡಿಗೆ ಹಾಕಿ ನೋಡಿ, ಸೆಕೆಗೆ ಬೇಕಾದ ಸಿ ವಿಟಮಿನ್ ಅದರಲ್ಲಿದೆ. ಆಗ ತೂಕಕ್ಕಿಂತ ಮಧ್ಯಾಹ್ನ ಎರಡರಿಂದ ಐದರೊಳಗೆ ಯಾವ ಕಡೆ ಎಷ್ಟು ಕೋಳಿ ಬಿದ್ದವು ಅನ್ನೋದನ್ನು ಬರೆದಿಡಿ.